ಹಳೇ ಜಿಪ್ಸಿ: ಲಿಫ್ಟ್ ಕಿಟ್ ಆಮೇಲೆ, ಮೊದಲು ಕಿಂಗ್‌ಪಿನ್

ಹಳೇ ಮಾರುತಿ ಜಿಪ್ಸಿ ಮನೆಗೆ ಬಂದ ವಾರದೊಳಗೆ ಎರಡು ಪ್ರಶ್ನೆ ಏಳುತ್ತವೆ: ಎಷ್ಟು ಇಂಚು ಎತ್ತರಿಸಬಹುದು, ಎಷ್ಟು ದೊಡ್ಡ ಟೈರು ಹಾಕಬಹುದು. ಆ ಹೊತ್ತಿಗೆ ಮುಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಿದವರು ವಿರಳ. ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಗಾಡಿಯಲ್ಲಿ ಕಿಂಗ್‌ಪಿನ್ ಬೇರಿಂಗು (ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ತಿರುಗುವ ಗೂಟದ ಬೇರಿಂಗು) ಯಾರೂ ಬದಲಿಸದಿದ್ದರೆ ಸವೆದೇ ಇರುತ್ತದೆ. ಅದರ ಮೇಲೆ ಎರಡು ಇಂಚು ಲಿಫ್ಟು, 235 ಮಿ.ಮೀ. ಅಗಲದ ಟೈರು ಕೂರಿಸಿದರೆ, ಅರವತ್ತರ ವೇಗದಲ್ಲಿ ಒಂದು ಗುಂಡಿ ಸಿಕ್ಕಿದ್ದೇ ತಡ, ಸ್ಟೀರಿಂಗು ಕೈಗೆ ನಿಲ್ಲುವುದಿಲ್ಲ. ಆಮೇಲೆ ಬೈಗುಳವೆಲ್ಲ ಲಿಫ್ಟ್ ಕಿಟ್ಟಿಗೆ.

ಯಾವ ಜಿಪ್ಸಿ ಎಂಬುದು ಮೊದಲು ಗೊತ್ತಿರಲಿ. 1985ರ ಕೊನೆಯಲ್ಲಿ ಬಂದದ್ದು 970 ಸಿಸಿಯ 410. 1996ರಲ್ಲಿ 1298 ಸಿಸಿಯ ಕಾರ್ಬ್ಯುರೇಟರ್ ಎಂಜಿನ್ನಿನ ಕಿಂಗ್ ಬಂತು, 2000ದಲ್ಲಿ ಅದೇ ಕಿಂಗ್‌ಗೆ 16 ವಾಲ್ವಿನ, ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ. ಎಂಜಿನ್ ಬದಲಾದರೂ ಕೆಳಗಿನ ಮೈಕಟ್ಟು ಒಂದೇ: ಏಣಿಯಾಕಾರದ ಚಾಸಿ, ನಾಲ್ಕೂ ಮೂಲೆಗೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಗೇರ್‌ಬಾಕ್ಸಿನಿಂದ ಬೇರ್ಪಟ್ಟು ರಬ್ಬರ್ ಮೌಂಟಿಂಗಿನ ಮೇಲೆ ಕೂತು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಬಾಕ್ಸು, ಮುಂದೆ ಆಕ್ಸಲ್ ತುದಿಯ ಗೋಳವನ್ನು ಮುಚ್ಚಿ ಕೂತ ನಕಲ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಭಾಗ. ಕೆಳಗಿನ ಅಂಕಿಗಳು ಬೇರೆ ಹೇಳದಿದ್ದರೆ ಕಿಂಗ್‌ನವು.

ಅಲ್ಲಾಡಿಸಿ ನೋಡುವ ಕ್ರಮ

ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡು ಇಟ್ಟು ಚಕ್ರ ನೆಲ ಬಿಡಿಸಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ತಳ್ಳಿ. ಆಟ ಇದೆ ಎಂದಾದರೆ ಅದು ವೀಲ್ ಬೇರಿಂಗಿನದೋ ಕಿಂಗ್‌ಪಿನ್ನಿನದೋ ತಿಳಿಯಬೇಕು. ಇನ್ನೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ, ಮತ್ತೆ ಅಲ್ಲಾಡಿಸಿ. ಬ್ರೇಕು ಹಬ್ಬನ್ನು ನಕಲ್‌ಗೆ ಕಟ್ಟಿಹಾಕುವುದರಿಂದ ವೀಲ್ ಬೇರಿಂಗಿನ ಆಟ ಮಾಯವಾಗುತ್ತದೆ. ಬ್ರೇಕ್ ಒತ್ತಿದ ಮೇಲೂ ಕಟಕಟ ಎನ್ನುತ್ತಿದ್ದರೆ ಅದು ಕಿಂಗ್‌ಪಿನ್. ಆಮೇಲೆ 3 ಮತ್ತು 9ರಲ್ಲಿ ಹಿಡಿದು ಅಲ್ಲಾಡಿಸುವಾಗ ಟೈ ರಾಡಿನ ಬಾಲ್ ಜಾಯಿಂಟುಗಳ ಮೇಲೆ ಬೆರಳಿಟ್ಟಿರಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ಗೊತ್ತಾಗುತ್ತದೆ.

ಚಕ್ರ ಕೆಳಗಿಳಿಸಿ, ಎಂಜಿನ್ ಆಫ್ ಇರುವಾಗ ಒಬ್ಬರು ಸ್ಟೀರಿಂಗನ್ನು ಎಡಬಲ ಒಂದೆರಡು ಇಂಚು ಆಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಸ್ಟೀರಿಂಗ್ ಬಾಕ್ಸು ಚಾಸಿಗೆ ಕೂತ ಜಾಗ ನೋಡಲಿ. ಬೋಲ್ಟು ಸಡಿಲಾಗಿರುವುದು ಸಾಮಾನ್ಯ. ಚಾಸಿಯೇ ಅಲ್ಲಿ ಬಿರುಕು ಬಿಟ್ಟಿರುವುದೂ ಉಂಟು. ಕಮಾನಿನ ಕಣ್ಣಿನ ಬುಷ್‌ಗಳನ್ನು ಪ್ರೈ ಬಾರ್ ಹಾಕಿ ಮೀಟಿ ನೋಡಿ.

ಸ್ಟೀರಿಂಗ್ ಒದರುವುದಕ್ಕೆ, ಗ್ಯಾರೇಜಿನವರು ವಾಬ್ಲಿಂಗ್ ಎನ್ನುವ ರೋಗಕ್ಕೆ, ಹುಡುಕುವ ಸಾಲು ಇದು: ಟೈರ್ ಬ್ಯಾಲೆನ್ಸ್, ಬಾಲ್ ಜಾಯಿಂಟು, ಕಿಂಗ್‌ಪಿನ್, ಕಮಾನಿನ ಬುಷ್, ಸ್ಟೀರಿಂಗ್ ಬಾಕ್ಸು, ಕೊನೆಗೆ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಅಳತೆ. ಇದ್ಯಾವುದನ್ನೂ ಮುಟ್ಟದೆ ಸ್ಟೀರಿಂಗ್ ಡ್ಯಾಂಪರ್ (ನಡುಕ ತಡೆಯುವ ಅಡ್ಡ ಶಾಕ್ ಅಬ್ಸಾರ್ಬರ್) ಒಂದನ್ನು ಹಾಕಿ ಕಳಿಸುವುದು ಜ್ವರಕ್ಕೆ ಕಂಬಳಿ ಹೊದಿಸಿದ ಹಾಗೆ. ಡ್ಯಾಂಪರ್ ಕೆಟ್ಟದ್ದಲ್ಲ, ಆದರೆ ಅದು ಸವೆತವನ್ನು ಮುಚ್ಚಿಡುತ್ತದೆ. ಡ್ಯಾಂಪರ್ ಸೋತ ದಿನ ರೋಗ ಎರಡು ಪಟ್ಟಾಗಿ ಬರುತ್ತದೆ.

ನಕಲ್ ಬಿಚ್ಚುವಾಗ

ಎರಡೂ ಬದಿಗೆ ಸೇರಿ ಬೇಕಾಗುವುದು: ಕಿಂಗ್‌ಪಿನ್ ಬೇರಿಂಗು 4, ವೀಲ್ ಬೇರಿಂಗು 4, ನಕಲ್ ಗೋಳದ ಸೀಲ್ ಸೆಟ್ಟು 2, ಆಕ್ಸಲ್ ಕೊಳವೆಯ ಒಳ ಸೀಲು 2, ಹಬ್ ಸೀಲು 2, ಹಬ್ ನಟ್ಟಿನ ಲಾಕ್ ವಾಷರ್ 2, ಒಂದಷ್ಟು ಶಿಮ್ (ಸಂದು ಹೊಂದಿಸುವ ತೆಳು ತಗಡು), ಒಂದು ಕೆ.ಜಿ. ಇಪಿ-2 ಲಿಥಿಯಂ ಗ್ರೀಸು, ಅರ್ಧ ಕೆ.ಜಿ. ಮಾಲಿ ಗ್ರೀಸು (ಮಾಲಿಬ್ಡಿನಮ್ ಬೆರೆತ ಕಪ್ಪು ಬಣ್ಣದ ಗ್ರೀಸು). ಬಾಲ್ ಜಾಯಿಂಟು ಸಡಿಲಿದ್ದರೆ ಟೈ ರಾಡಿಗೆ 2, ಡ್ರ್ಯಾಗ್ ಲಿಂಕಿಗೆ 2. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಬೇರಿಂಗು ಮೂರು ದರದಲ್ಲಿ ಸಿಗುತ್ತದೆ. ಬೇರಿಂಗು ಮತ್ತು ಒಳ ಸೀಲಿನಲ್ಲಿ ಮಾತ್ರ ಅಗ್ಗದ್ದಕ್ಕೆ ಹೋಗಬೇಡಿ. ಅವೆರಡನ್ನು ಬದಲಿಸಲು ಮತ್ತೆ ಇಷ್ಟೂ ಬಿಚ್ಚಬೇಕು.

ಮೊದಲು ಮುಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಇಳಿಸಿ, ಸುಮಾರು ಎರಡು ಲೀಟರ್ ಬರುತ್ತದೆ. ಇಳಿಸದೆ ಶಾಫ್ಟ್ ಎಳೆದರೆ ಅದು ಗ್ಯಾರೇಜಿನ ನೆಲದ ಪಾಲು. ಕ್ಯಾಲಿಪರ್ ಬಿಚ್ಚಿ ಕಮಾನಿಗೆ ತಂತಿಯಲ್ಲಿ ಕಟ್ಟಿ. ಬ್ರೇಕ್ ಹೋಸಿನಲ್ಲಿ ನೇತುಬಿಟ್ಟರೆ ಹೋಸು ಒಳಗೇ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ಹಬ್ಬಿನ ಮುಚ್ಚಳ ತೆಗೆದು, ಶಾಫ್ಟ್ ತುದಿಯ ಸರ್ಕ್ಲಿಪ್ ಬಿಡಿಸಿ, ಲಾಕ್ ವಾಷರಿನ ಮಡಿಕೆ ನೇರ ಮಾಡಿ ಎರಡು ದೊಡ್ಡ ನಟ್ಟು ಬಿಚ್ಚಬೇಕು. ಇದಕ್ಕೆ ಸರಿಯಾದ ಸಾಕೆಟ್ ಕೊಳ್ಳಿ, ಇಲ್ಲವೇ ಲೇತಿನವರ ಹತ್ತಿರ ಪೈಪಿನಲ್ಲಿ ಮಾಡಿಸಿ. ಉಳಿ ಸುತ್ತಿಗೆಯಲ್ಲಿ ಬಡಿದು ಬಿಚ್ಚಿದ ನಟ್ಟುಗಳನ್ನು ಹಳೇ ಗಾಡಿಗಳಲ್ಲಿ ದಿನವೂ ನೋಡಬಹುದು. ಅಂಥ ನಟ್ಟಿಗೆ ಮತ್ತೆಂದೂ ಲೆಕ್ಕದ ಬಿಗಿ ಕೂರುವುದಿಲ್ಲ.

ಹಬ್ಬು ಬಂದ ಮೇಲೆ ಸ್ಪಿಂಡಲ್. ಮರದ ಕೊಡತಿಯಿಂದ ಸುತ್ತ ತಟ್ಟಿದರೆ ಬಿಡುತ್ತದೆ. ಅದರೊಳಗಿನ ಕಂಚಿನ ಬುಷ್ ಸವೆದಿದೆಯೇ ನೋಡಿಟ್ಟುಕೊಳ್ಳಿ. ಈಗ ಆಕ್ಸಲ್ ಶಾಫ್ಟು ಸಿವಿ ಜಾಯಿಂಟಿನ (ಚಕ್ರ ತಿರುಗಿದ ಕೋನದಲ್ಲೂ ಶಕ್ತಿ ದಾಟಿಸುವ ಕೀಲು) ಸಮೇತ ಹೊರಗೆಳೆಯಲು ಬರುತ್ತದೆ. ಎಡಬಲದ ಶಾಫ್ಟುಗಳ ಉದ್ದ ಬೇರೆ ಬೇರೆ, ಅದಲುಬದಲು ಮಾಡುವಂತಿಲ್ಲ. ಬಾಲ್ ಜಾಯಿಂಟನ್ನು ಪುಲ್ಲರ್ ಹಾಕಿ ಬಿಡಿಸಿ. ಗೋಳದ ಹಿಂದಿನ ಸೀಲಿನ ಪಟ್ಟಿಗಳ ಎಂಟು ಬೋಲ್ಟು ತೆಗೆದು, ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್ನುಗಳ ತಲಾ ನಾಲ್ಕು ಬೋಲ್ಟು ಬಿಚ್ಚಿ. ಮೇಲಿನ ಶಿಮ್ಮು ಮೇಲಿನದಾಗಿ, ಕೆಳಗಿನದು ಕೆಳಗಿನದಾಗಿ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಬರೆದಿಡಿ. ಕೆಳಗಿನ ಬೇರಿಂಗು ದೊಪ್ಪನೆ ಬೀಳುತ್ತದೆ, ಕೈ ಒಡ್ಡಿರಿ.

ಈ ಹಂತದಲ್ಲಿ ಏನು ಕಾಣುತ್ತದೆ ಎಂಬುದರಲ್ಲೇ ಗಾಡಿಯ ಚರಿತ್ರೆ ಇರುತ್ತದೆ. ನಕಲ್‌ನೊಳಗೆ ದಪ್ಪ ಗ್ರೀಸಿನ ಬದಲು ಕಪ್ಪು ಸಾರಿನಂಥದ್ದು ತುಂಬಿದ್ದರೆ ಒಳ ಸೀಲು ಸೋತು ಡಿಫರೆನ್ಷಿಯಲ್ ಆಯಿಲ್ ಇತ್ತ ಬಂದಿದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ. ಕಿಂಗ್‌ಪಿನ್ ಬೇರಿಂಗಿನ ಕಪ್ಪಿನಲ್ಲಿ (ರೋಲರುಗಳು ಕೂರುವ ಹೊರ ಬಳೆ) ರೋಲರಿನ ಅಗಲದ ಗೀರುಗಳು ಸಾಲಾಗಿ ಅಚ್ಚೊತ್ತಿದ್ದರೆ, ಸ್ಟೀರಿಂಗು ನೇರಕ್ಕೆ ಬಂದಾಗ ಹಲ್ಲು ಸಿಕ್ಕಿಕೊಂಡಂತೆ ತಡೆಯುತ್ತಿದ್ದುದು ಅದಕ್ಕೇ. ಈ ಬೇರಿಂಗು ಪೂರ್ತಿ ಸುತ್ತುವುದೇ ಇಲ್ಲ, ಒಂದೇ ಜಾಗದಲ್ಲಿ ಪೆಟ್ಟು ತಿನ್ನುತ್ತದೆ. ಹಾಗಾಗಿ ಗ್ರೀಸು ಹಾಕಿದರೂ ಗೀರು ಬೀಳುತ್ತದೆ. ಹಳೆಯ ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಅತ್ತ ಒಂದು ಇತ್ತ ಒಂದು ಪೆಟ್ಟು ಹಾಕುತ್ತಾ ಹೊರದೂಡಿ. ಬೇರಿಂಗು ಮಾತ್ರ ಹೊಸದು, ಕಪ್ಪು ಹಳೆಯದು ಎಂಬ ಉಳಿತಾಯ ಬೇಡ.

ಗೋಳದ ಮೈ ನುಣುಪಾಗಿರಬೇಕು. ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲನ್ನು ಅದು ಒಂದೇ ಮಳೆಗಾಲದಲ್ಲಿ ಅರೆದು ತಿನ್ನುತ್ತದೆ. ಸಣ್ಣ ತುಕ್ಕಾದರೆ 400ರ ಎಮರಿ ಪೇಪರು ಸಾಕು. ಆಳದ ಗುಳಿಗೆ ಲೋಹದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಬೇಕು. ಸಿವಿ ಜಾಯಿಂಟನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಗುಂಡುಗಳ ಪಂಜರದಲ್ಲಿ ಬಿರುಕು ಹುಡುಕಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ತಗ್ಗು ಗೇರಾದ 4ಎಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಡೆಯುವುದು ಇದೇ ಪಂಜರ.

ಜೋಡಿಸುವಾಗ ಒಂದೇ ಒಂದು ಅಳತೆ ಇಡೀ ಕೆಲಸದ ಜೀವ. ಸೀಲು ಹಾಕದೆ, ಶಾಫ್ಟು ಹಾಕದೆ, ಬರೀ ನಕಲ್ಲು, ಹೊಸ ಬೇರಿಂಗು, ಹಳೇ ಶಿಮ್ಮು ಕೂರಿಸಿ ಬೋಲ್ಟು ಬಿಗಿ ಮಾಡಿ. ಬಾಲ್ ಜಾಯಿಂಟ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಅಡ್ಡಡ್ಡ ಎಳೆಯಿರಿ. ನಕಲ್ ಅಲುಗಲು ಶುರುವಾದ ಗಳಿಗೆಯಲ್ಲಿ ಮುಳ್ಳು 1ರಿಂದ 1.8 ಕೆ.ಜಿ. ನಡುವೆ ಇರಬೇಕು. ಕಡಿಮೆ ತೋರಿಸಿದರೆ ಶಿಮ್ ತೆಗೆಯಿರಿ, ಹೆಚ್ಚಾದರೆ ಸೇರಿಸಿ. ಮೇಲೆ ಕೆಳಗೆ ಸಮವಾಗಿ ತೆಗೆಯಬೇಕು, ಇಲ್ಲದಿದ್ದರೆ ನಕಲ್ಲಿನ ನಡುಗೆರೆ ಸರಿದು ಶಾಫ್ಟು ಒಳ ಸೀಲಿನ ಒಂದು ಅಂಚನ್ನು ಒತ್ತುತ್ತದೆ, ಹೊಸ ಸೀಲೂ ಸೋರುತ್ತದೆ. ಮೀನು ತೂಗುವ ಅಗ್ಗದ ತಕ್ಕಡಿಯೇ ಸಾಕು. ಇಷ್ಟು ಚಿಕ್ಕ ಕೆಲಸವನ್ನು ಬಿಟ್ಟು, ಕೈ ಅಂದಾಜಿನಲ್ಲಿ ಮುಗಿಸುವ ಮೇಸ್ತ್ರಿಗಳೇ ಹೆಚ್ಚು.

ಸಿವಿ ಜಾಯಿಂಟಿಗೆ ಮಾಲಿ ಗ್ರೀಸು, ಬೇರಿಂಗುಗಳಿಗೆ ಇಪಿ-2. ನಕಲ್‌ನ ಪೊಳ್ಳನ್ನು ಮೂರರಲ್ಲಿ ಎರಡು ಪಾಲು ತುಂಬಿ, ಬಿಸಿಯಾದಾಗ ಹಿಗ್ಗಲು ಜಾಗ ಬಿಡಿ. ಶಾಫ್ಟನ್ನು ನೆಟ್ಟಗೆ ತೂರಿಸಿ. ಶಾಫ್ಟ್ ತುದಿಯ ಸ್ಪ್ಲೈನಿನ (ಉದ್ದುದ್ದ ಗೀರಿನ) ಹಲ್ಲು ಹೊಸ ಸೀಲಿನ ತುಟಿಯನ್ನು ಸೀಳುವುದು ಇಲ್ಲೇ. ವೀಲ್ ಬೇರಿಂಗಿಗೆ ಹಬ್ಬನ್ನು ತಿರುಗಿಸುತ್ತಲೇ ಒಳ ನಟ್ಟನ್ನು ಗಟ್ಟಿ ಬಿಗಿದು, ಕಾಲು ಸುತ್ತು ಬಿಟ್ಟು, ಆಟ ಹೋಗುವಷ್ಟು ಮಾತ್ರ ಮತ್ತೆ ಬಿಗಿದು, ವಾಷರು, ಹೊರ ನಟ್ಟು. ಹೊರ ನಟ್ಟು ಬಿಗಿಯುವಾಗ ಒಳಗಿನದೂ ತುಸು ಬಿಗಿಯಾಗುತ್ತದೆ, ಆದ್ದರಿಂದ ಕೊನೆಗೆ ಇನ್ನೊಮ್ಮೆ ತಿರುಗಿಸಿ ನೋಡಿಯೇ ವಾಷರಿನ ಮಡಿಕೆ ಬಗ್ಗಿಸಿ.

ಟೋ, ಅಂದರೆ ಮುಂಚಕ್ರಗಳು ಮುಂಬದಿಯಲ್ಲಿ ಎಷ್ಟು ಒಳಕ್ಕೆ ತಿರುಗಿವೆ ಎಂಬುದರ, ಅಳತೆಗೆ ಯಂತ್ರ ಬೇಡ. ಎರಡೂ ಮುಂದಿನ ಟೈರಿನ ನಡುಗೆರೆಯಲ್ಲಿ, ಹಬ್ಬಿನ ಎತ್ತರದಲ್ಲಿ, ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಚಕ್ರ ಅರ್ಧ ಸುತ್ತುವಷ್ಟು ಗಾಡಿ ಮುಂದೆ ತಳ್ಳಿ, ಅದೇ ಗುರುತುಗಳ ದೂರ ಹಿಂಬದಿಯಲ್ಲಿ ಅಳೆಯಿರಿ. ಹಿಂದಿನದು ಮುಂದಿನದಕ್ಕಿಂತ 2ರಿಂದ 6 ಮಿ.ಮೀ. ಹೆಚ್ಚಿರಬೇಕು.

ಆಯಿಲ್, ನೀರು, ಉಸಿರು

ಗೇರ್‌ಬಾಕ್ಸಿಗೆ 1.3 ಲೀಟರ್, ಟ್ರಾನ್ಸ್‌ಫರ್ ಬಾಕ್ಸಿಗೆ 0.8, ಮುಂದಿನ ಡಿಫರೆನ್ಷಿಯಲ್‌ಗೆ 2, ಹಿಂದಿನದಕ್ಕೆ 1.5. ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ ತುಂಬುವ ತೂತಿನಿಂದ ಹೊರಚೆಲ್ಲುವವರೆಗೆ ಹಾಕಿದರೆ ಈ ಲೆಕ್ಕ ತಾನಾಗಿ ಬರುತ್ತದೆ. ಒಂದು ಎಚ್ಚರ: ಇಳಿಸುವ ಬೋಲ್ಟಿಗಿಂತ ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬಾರದಿದ್ದರೆ, ಆಯಿಲ್ ಖಾಲಿ ಮಾಡಿಕೊಂಡ ಗಾಡಿ ಅಲ್ಲೇ ಕೂತಿರುತ್ತದೆ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ 90 ಆಯಿಲ್ ಬೇಕೇ ಬೇಕು, ಹೈಪಾಯ್ಡ್ ಹಲ್ಲುಗಳ ಜಾರುವ ಒತ್ತಡ ಅದಕ್ಕೇ ತಡೆಯುವುದು. ಗೇರ್‌ಬಾಕ್ಸಿಗೆ ಜಿಎಲ್-4, ಜಿಎಲ್-5ರ ಕೆಲವು ಆಯಿಲ್‌ಗಳಲ್ಲಿರುವ ಗಂಧಕದ ಸೇರ್ಪಡೆ ಹಿತ್ತಾಳೆಯ ಸಿಂಕ್ರೋ ಉಂಗುರಗಳಿಗೆ ಆಗಿಬರುವುದಿಲ್ಲ. ಎಲ್ಲಕ್ಕೂ ಒಂದೇ ಡಬ್ಬಿಯಿಂದ ಸುರಿಯುವ ಪದ್ಧತಿ ಇರುವುದರಿಂದಲೇ ಇಷ್ಟು ಹೇಳಬೇಕಾಯಿತು.

ಮಲೆನಾಡಿನ, ಕೊಡಗಿನ ತೋಟದ ಗಾಡಿಗಳಲ್ಲಿ ಆಯಿಲ್ ಕೆಡುವುದು ಓಡಿದ ಕಿಲೋಮೀಟರಿಗಿಂತ ಹೆಚ್ಚಾಗಿ ದಾಟಿದ ಹಳ್ಳಗಳಿಂದ. ಬಿಸಿಯಾದ ಆಕ್ಸಲ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನಿರ್ವಾತವಾಗುತ್ತದೆ; ಬ್ರೀದರ್ (ಆಕ್ಸಲ್ ಉಸಿರಾಡುವ ಸಣ್ಣ ಗಾಳಿಕೊಳವೆ) ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿನಿಂದ, ತೆರೆದಿದ್ದರೆ ಅದರ ಬಾಯಿಂದಲೇ ನೀರು ಒಳಹೋಗುತ್ತದೆ. ಅದೇ ಮುಚ್ಚಿದ ಬ್ರೀದರ್ ಬಿಸಿಲಿನಲ್ಲಿ ಉಲ್ಟಾ ಕೆಲಸ ಮಾಡಿ ಆಯಿಲನ್ನು ಸೀಲಿನಿಂದ ಹೊರದಬ್ಬುತ್ತದೆ. ಸೀಲು ಬದಲಿಸಿ ಬದಲಿಸಿ ಸೋತವರು ಬ್ರೀದರ್ ಊದಿ ನೋಡಿರುವುದಿಲ್ಲ. ಎರಡೂ ಆಕ್ಸಲ್‌ಗಳ ಬ್ರೀದರಿಗೆ ಆಯಿಲ್ ತಾಳುವ ಹೋಸು ಹಾಕಿ, ಆಕ್ಸಲ್ ಕುಣಿಯುವಾಗ ಎಳೆದಂತಾಗದ ಹಾಗೆ ಸಡಿಲ ಬಿಟ್ಟು, ಬಾನೆಟ್ಟಿನೊಳಗೆ ಎತ್ತರದ ಜಾಗಕ್ಕೆ ಒಯ್ದು ತುದಿಗೆ ಚಿಕ್ಕ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ. ಇಡೀ ಗಾಡಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಪ್ರಯೋಜನದ ಮಾರ್ಪಾಡು ಇನ್ನೊಂದಿಲ್ಲ. ಸ್ನಾರ್ಕಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಹಾಕಿಸಿ ಬ್ರೀದರ್ ಮರೆತ ಗಾಡಿ, ಛತ್ರಿ ಹಿಡಿದು ತೂತು ಚಪ್ಪಲಿಯಲ್ಲಿ ನಡೆದಂತೆ.

ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸುಗಳಿಗೂ ಜಾರುವ ಸ್ಪ್ಲೈನಿಗೂ 5,000 ಕಿ.ಮೀ.ಗೆ ಒಮ್ಮೆ, ನೀರಿಗಿಳಿದಾಗಲೆಲ್ಲ ಮರುದಿನವೇ ಗ್ರೀಸ್ ಗನ್ ಹಿಡಿಯಿರಿ. ಕ್ರಾಸಿನ ನಾಲ್ಕೂ ಬೇರಿಂಗ್ ಕಪ್ಪಿನಿಂದ ಹೊಸ ಗ್ರೀಸು ಇಣುಕಬೇಕು. ಒಂದರಿಂದ ಬರದಿದ್ದರೆ ಅದು ಒಣಗಿದ ಕಪ್ಪು, ಮೊದಲು ಹೋಗುವುದು ಅದೇ. ಶಾಫ್ಟನ್ನು ಬಿಡಿಸುವ ಮುನ್ನ ಎರಡೂ ಭಾಗಕ್ಕೆ ಅಡ್ಡಲಾಗಿ ಬಣ್ಣದ ಗೆರೆ ಎಳೆದಿಡಿ, ಹಲ್ಲು ತಪ್ಪಿಸಿ ಕೂರಿಸಿದರೆ ಗಾಡಿ ನಡುಗುತ್ತದೆ. ನಡುಗುವುದು ಶಾಫ್ಟಿನಿಂದಲ್ಲ ಎಂದಾದರೆ ಟ್ರಾನ್ಸ್‌ಫರ್ ಬಾಕ್ಸಿನ ರಬ್ಬರ್ ಮೌಂಟಿಂಗ್ ನೋಡಿ. ಅವು ಹರಿದಾಗ ಬಾಕ್ಸು ಓರೆಯಾಗಿ, ಗೇರ್‌ಬಾಕ್ಸಿನಿಂದ ಬರುವ ಗಿಡ್ಡ ಶಾಫ್ಟಿನ ಕೋನ ಕೆಡುತ್ತದೆ, 4ಎಲ್ ಲಿವರು ತಾನಾಗಿ ಹಾರುವುದೂ ಇದೆ.

ಜಿಪ್ಸಿಗೆ ನಡುವಿನ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನ ಮೇಲೆ ಫೋರ್‌ವೀಲ್ ಹಾಕಿ ತಿರುವಿದರೆ ಮುಂದಿನ ಹಿಂದಿನ ಚಕ್ರಗಳ ಸುತ್ತಿನ ವ್ಯತ್ಯಾಸಕ್ಕೆ ದಾರಿಯಿಲ್ಲದೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಲಿವರು ಹಿಂದಕ್ಕೆ ಬರುವುದಿಲ್ಲ. ಆಗ ಲಿವರಿಗೆ ಬಲ ಹಾಕದೆ ಒಂದಷ್ಟು ದೂರ ನೇರ ರಿವರ್ಸ್ ತೆಗೆದುಕೊಳ್ಳಿ, ಸಡಿಲಾಗುತ್ತದೆ. ಕೆಲವು ಗಾಡಿಗಳಲ್ಲಿ ಗಾಳಿಯ ಒತ್ತಡದಿಂದ ಲಾಕ್ ಆಗುವ ಮುಂದಿನ ಹಬ್ಬಿದೆ. ಹೋಸು ಬಿರಿದರೆ ಡ್ಯಾಶಿನಲ್ಲಿ ದೀಪ ಬೆಳಗುತ್ತಿದ್ದರೂ ಮುಂಚಕ್ರಕ್ಕೆ ಶಕ್ತಿ ಹೋಗುತ್ತಿರುವುದಿಲ್ಲ. ಕೈಯಲ್ಲಿ ತಿರುಗಿಸುವ ಹಬ್ಬು ಹಾಕಿಸುವುದು ಒಳ್ಳೆಯದು. ಕೆಸರಿಗೆ ಮುಂಚೆಯೇ ಇಳಿದು ಲಾಕ್ ಮಾಡಬೇಕು ಎಂಬುದೊಂದೇ ಕಷ್ಟ.

ಎಂಜಿನ್ನಿನ ಬಗ್ಗೆ ಹೆಚ್ಚಿಲ್ಲ, ಅದು ಗಾಡಿಯ ಗಟ್ಟಿ ಭಾಗ. ಟೈಮಿಂಗ್ ಬೆಲ್ಟಿನ ಚರಿತ್ರೆ ಗೊತ್ತಿಲ್ಲದಿದ್ದರೆ ಟೆನ್ಷನರ್ ಸಮೇತ ಬದಲಿಸಿ, ಆಮೇಲೆ ಒಂದು ಲಕ್ಷ ಕಿ.ಮೀ.ವರೆಗೆ ಯೋಚನೆಯಿಲ್ಲ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬಿಟ್ಟು ಡಿಸ್ಟಿಲ್ಡ್ ನೀರಿನೊಂದಿಗೆ ಕೂಲೆಂಟ್ ಅರ್ಧಕ್ಕರ್ಧ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು; ಹಳೇ ರಬ್ಬರು ಅದಕ್ಕೆ ಮೆತ್ತಗಾಗಿ ಬಿರಿಯುತ್ತದೆ, ಎಥನಾಲ್ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಪೆಟ್ರೋಲ್ ಹೋಸು, ಕ್ಲಿಪ್ಪು ಎಲ್ಲವನ್ನೂ ಒಮ್ಮೆಲೇ ಹೊಸದು ಮಾಡಿ, ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬ್ಯುರೇಟರ್ ಬಟ್ಟಲನ್ನು ಖಾಲಿ ಬಿಡಿ.

ತುಕ್ಕು

ಹಿಂದಿನ ಅಡ್ಡಪಟ್ಟಿ, ಕಮಾನಿನ ಹ್ಯಾಂಗರುಗಳು ಚಾಸಿಗೆ ಸೇರುವ ಜಾಗ, ಬಾಡಿ ಮೌಂಟಿಂಗ್, ಮ್ಯಾಟಿನ ಕೆಳಗಿನ ನೆಲ, ಮುಂಗಾಜಿನ ಚೌಕಟ್ಟಿನ ಕೆಳಗಂಚು. ಇವುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ, ಮಡಕೆ ಒಡೆದಂತೆ ದಬ್ ಎಂದರೆ ಸ್ಕ್ರೂಡ್ರೈವರ್ ಚುಚ್ಚಿ. ಚಾಸಿಗೆ ತೇಪೆ ಹಾಕುವಾಗ ಹಳೆಯ ಲೋಹದಷ್ಟೇ ದಪ್ಪದ ಪ್ಲೇಟು, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿದ ಮೇಲೆ. ಪ್ಲೇಟಿನ ತುದಿಯನ್ನು ನೆಟ್ಟಗೆ ಕತ್ತರಿಸಿ ಅಡ್ಡಗೆರೆಯ ವೆಲ್ಡಿಂಗ್ ಹಾಕಿದರೆ ಅದೇ ಗೆರೆಯಲ್ಲಿ ಚಾಸಿ ಸೀಳುತ್ತದೆ. ತುದಿಯನ್ನು ಮೀನಿನ ಬಾಯಿಯಂತೆ ಕೊರೆಸಿ ಓರೆಯಾಗಿ ಬೆಸೆಯಬೇಕು. ಎಂಪಿಎಫ್‌ಐ ಗಾಡಿಯಾದರೆ ಬ್ಯಾಟರಿಯ ಎರಡೂ ತಂತಿ, ಇಸಿಯುವಿನ (ಎಂಜಿನ್ ಕಂಪ್ಯೂಟರಿನ) ಪ್ಲಗ್ಗು ತೆಗೆದೇ ವೆಲ್ಡಿಂಗ್.

ಚಾಸಿಯ ಕೊಳವೆಯೊಳಗೆ ಕೆಂಪು ಮಣ್ಣು ತುಂಬಿರುತ್ತದೆ. ತೂತುಗಳಿಂದ ನೀರು ಬಿಟ್ಟು ತೊಳೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿದ ಮೇಲೆಯೇ ಕ್ಯಾವಿಟಿ ವ್ಯಾಕ್ಸು. ಒದ್ದೆ ಮಣ್ಣಿನ ಮೇಲೆ ಕಪ್ಪು ಡಾಂಬರು ಬಳಿಸುವುದು ತುಕ್ಕಿಗೆ ಹೊದಿಕೆ ಕೊಟ್ಟು ಸಾಕಿದಂತೆ. ಬಸಿಯುವ ತೂತುಗಳನ್ನು ಮುಚ್ಚಬೇಡಿ.

ಎತ್ತರಿಸುವುದಾದರೆ

ಕೆಳಭಾಗ ಗಟ್ಟಿಯಾದ ಮೇಲೆ ಲಿಫ್ಟಿನ ಮಾತು. ಅಗ್ಗದ ದಾರಿ ಉದ್ದದ ಶಾಕಲ್, ಅಂದರೆ ಕಮಾನಿನ ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿ. ಎರಡು ಇಂಚು ಉದ್ದ ಹೆಚ್ಚಿಸಿದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಕಮಾನಿನ ಒಂದೇ ತುದಿ ಇಳಿಯುತ್ತದೆ. ಜಿಪ್ಸಿಯ ಮುಂದಿನ ಶಾಕಲ್ ಇರುವುದು ಕಮಾನಿನ ಮುಂತುದಿಯಲ್ಲಿ. ಅದು ಉದ್ದವಾದಾಗ ಕಮಾನು ಮೂತಿ ತಗ್ಗಿಸಿ, ಆಕ್ಸಲ್ ಮುಂದಕ್ಕೆ ಹೊರಳಿ, ಸುಮಾರು ಮೂರೂವರೆ ಡಿಗ್ರಿ ಇರಬೇಕಾದ ಕ್ಯಾಸ್ಟರ್ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗು ತಾನಾಗಿ ನೇರಕ್ಕೆ ಬಾರದೆ ಅಲೆಯುವುದು ಇದರಿಂದ. ಪರಿಹಾರ ಬೆಣೆಯಾಕಾರದ ಪ್ಲೇಟು. ಜಿಪ್ಸಿಯಲ್ಲಿ ಆಕ್ಸಲ್ ಕಮಾನಿನ ಮೇಲೆ ಕೂರುವುದರಿಂದ ಬೆಣೆಯ ದಪ್ಪ ಬದಿ ಗಾಡಿಯ ಮುಂದಕ್ಕೆ ಬರಬೇಕು. ಉಲ್ಟಾ ಹಾಕಿ ರೋಗ ಹೆಚ್ಚಿಸಿಕೊಂಡವರಿದ್ದಾರೆ. ಬೆಣೆ ಹಾಕಿದಷ್ಟೂ ಪಿನಿಯನ್ನಿನ (ಡಿಫರೆನ್ಷಿಯಲ್‌ಗೆ ಶಾಫ್ಟು ಸೇರುವ ಗೇರಿನ) ಮೂತಿ ಕೆಳಗಿಳಿದು ಶಾಫ್ಟಿನ ಕೋನ ಕೆಡುತ್ತದೆ, ಹಾಗಾಗಿ ಎರಡು ಮೂರು ಡಿಗ್ರಿಗಿಂತ ಹೆಚ್ಚು ಬೇಡ.

ಸರಿಯಾದ ದಾರಿ, ಬಾಗು ಹೆಚ್ಚಿರುವ ಹೊಸ ಕಮಾನು ಸೆಟ್ಟು. ಹಳೆಯ ಪಟ್ಟಿಯನ್ನೇ ಬಡಿಸಿ ಬಗ್ಗಿಸಿದರೆ ಕೆಲವೇ ತಿಂಗಳಲ್ಲಿ ಮೊದಲಿನಂತೆ ಕೂರುತ್ತದೆ. ಯು-ಬೋಲ್ಟು ಪ್ರತಿ ಸಲ ಹೊಸದು, ಬಿಗಿಯುವುದು ಮೂಲೆಯಿಂದ ಮೂಲೆಗೆ. ಕಮಾನಿನ ಕಣ್ಣಿನ ಬೋಲ್ಟುಗಳನ್ನು ಮಾತ್ರ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತು ಭಾರ ಬಿದ್ದ ನಂತರವೇ ಕೊನೆಯ ಬಿಗಿ ಮಾಡಿ. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿದ ಸ್ಥಿತಿಯಲ್ಲಿ ಸಿಕ್ಕಿ, ಗಾಡಿ ಗಡುಸಾಗಿ, ಬುಷ್ ಬೇಗ ಹರಿಯುತ್ತದೆ.

ಎತ್ತರವಾದ ಮೇಲೆ ಒಂದು ಚಕ್ರವನ್ನು ದಿಣ್ಣೆಗೆ ಹತ್ತಿಸಿ, ಎದುರಿನದು ಪೂರ್ತಿ ಜೋತುಬೀಳಲಿ. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ಬ್ರೇಕ್ ಹೋಸು ಬಿಗಿಯುತ್ತದೆಯೇ, ಶಾಕ್ ಅಬ್ಸಾರ್ಬರ್ ಉದ್ದ ಸಾಲದೆ ಅದೇ ಆಕ್ಸಲನ್ನು ಹಿಡಿದು ನೇತಾಡಿಸುತ್ತಿದೆಯೇ, ಪ್ರೊಪೆಲ್ಲರ್ ಶಾಫ್ಟಿನ ಸ್ಪ್ಲೈನು ಎಷ್ಟು ಹೊರಬಂದಿದೆ ನೋಡಿ. ಮೊದಲೇ ಎಳೆದ ಬಣ್ಣದ ಗೆರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಪ್ಲೈನು ಬಹಳ ಹೊರಬಂದಿದ್ದರೆ ಫ್ಲ್ಯಾಂಜಿನ ನಡುವೆ ಸ್ಪೇಸರ್ ಬೇಕು. ಕಮಾನನ್ನು ಆಕ್ಸಲ್‌ನ ಮೇಲಕ್ಕೆ ಹಾರಿಸಿ ಐದು ಇಂಚು ಎತ್ತುವ ಪದ್ಧತಿ ಈ ಬರಹದ ವ್ಯಾಪ್ತಿಗಿಲ್ಲ. ರಸ್ತೆಯಲ್ಲೂ ಓಡಬೇಕಾದ ಗಾಡಿಗೆ ಅದು ಸಲ್ಲದು.

ಟೈರಿಗೆ ಲೆಕ್ಕ ಹಾಕೋಣ. ಮೂಲದ 205/70 ಆರ್15ರ ವ್ಯಾಸ 668 ಮಿ.ಮೀ. 215/75 ಆರ್15 ಹಾಕಿದರೆ ಸುಮಾರು 703, ಲಿಫ್ಟಿಲ್ಲದೆಯೂ ಸಾಮಾನ್ಯವಾಗಿ ಕೂರುತ್ತದೆ. 235/75 ಆರ್15 ಅಂದರೆ 733, ಶೇ 9.8ರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರ ಹತ್ತಿರ ಇರುತ್ತದೆ. ಕ್ಲಚ್ಚಿಗೆ, ಬ್ರೇಕಿಗೆ ಅಷ್ಟೇ ಭಾರ ಹೆಚ್ಚು. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಎರಡಕ್ಕೆ ಇಳಿಯುತ್ತದೆ. ಹಿಂಬಾಗಿಲಿಗೆ ನೇತುಹಾಕುವ ಸ್ಟೆಪ್ನಿಯೂ ಭಾರವಾಗಿ ಕೀಲು ಜಗ್ಗುತ್ತದೆ.

ಈ ಶೇ 9.8ನ್ನು ಹಿಂದಕ್ಕೆ ಪಡೆಯಲು ಗುಜರಿಯಲ್ಲೇ ಔಷಧಿಯಿದೆ: ಹಳೇ 410ರ ಟ್ರಾನ್ಸ್‌ಫರ್ ಬಾಕ್ಸು. ಕಿಂಗ್‌ನ ಬಾಕ್ಸಿನಲ್ಲಿ ಗೇರ್ ಅನುಪಾತ ಹೈ 1.409, ಲೋ 2.268. 410ರದ್ದು ಹೈ 1.580, ಲೋ 2.511. ಅಂದರೆ ಹೈನಲ್ಲಿ ಶೇ 12, ಲೋನಲ್ಲಿ ಶೇ 11ರಷ್ಟು ಹೆಚ್ಚು ಎಳೆತ; 235ರ ಟೈರಿಗೆ ಅಳತೆ ಮಾಡಿ ಹೊಲಿಸಿದಂತೆ. ಗುಜರಿಯವರ ಮಾತಿನ ಮೇಲೆ ಕೊಳ್ಳಬೇಡಿ. ಇನ್‌ಪುಟ್ ಫ್ಲ್ಯಾಂಜಿಗೆ ಸುಣ್ಣದ ಗುರುತು ಹಾಕಿ, ಹೈನಲ್ಲಿಟ್ಟು ಹತ್ತು ಸುತ್ತು ತಿರುಗಿಸಿ. ಔಟ್‌ಪುಟ್ಟು ಆರೂಕಾಲು ಸುತ್ತಿಗೆ ತುಸು ಮೇಲೆ ಬಂದರೆ 410ರದ್ದು, ಏಳು ದಾಟಿದರೆ ಕಿಂಗ್‌ನದು. ಫ್ಲ್ಯಾಂಜಿನ ಬೋಲ್ಟಿನ ತೂತುಗಳು ಹೊಂದುತ್ತವೆಯೇ ಅಲ್ಲೇ ಅಳೆಯಿರಿ. ಸ್ಪೀಡೋ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಬಾಕ್ಸಿನ ಔಟ್‌ಪುಟ್ ಕಡೆಯಿಂದಾದ್ದರಿಂದ ಎಳೆತ ಸರಿಹೋದರೂ ಮೀಟರಿನ ಸುಳ್ಳು ತಾನಾಗಿ ಸರಿಹೋಗುವುದಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯನ್ನು ಹಿಡಿದು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ನಿಲ್ಲಿಸಲೇಬೇಕಾದ್ದರಿಂದ ಮೂಲದ ಕಮಾನು, ಚಕ್ರ, ಬಂಪರನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಬಣ್ಣ ಬದಲಿಸಲೇಬೇಕು. ಆ ಆಲಿವ್ ಹಸಿರು ಸೇನೆಗೆ ಮಾತ್ರ ಮೀಸಲು.

ಕೆಲಸವೆಲ್ಲ ಮುಗಿದು 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟು, ಕಿಂಗ್‌ಪಿನ್ ಬೋಲ್ಟು, ಸ್ಟೀರಿಂಗ್ ಬಾಕ್ಸಿನ ಬೋಲ್ಟುಗಳಿಗೆ ಮತ್ತೆ ಪಾನಾ ಹಾಕಿ. ಗೋಳದ ಸೀಲಿನ ಸುತ್ತ ಬೆರಳಾಡಿಸಿ. ತೆಳುವಾಗಿ ಗ್ರೀಸು ಹತ್ತಿದರೆ ಸರಿ, ಆಯಿಲ್ ಹನಿ ಕಂಡರೆ ಒಳ ಸೀಲು ಸರಿಯಾಗಿ ಕೂತಿಲ್ಲ. ಜಾಕ್ ಹೇಗೂ ಕೆಳಗೇ ಇದೆ, ಮುಂಚಕ್ರ ಎತ್ತಿ 12 ಮತ್ತು 6ರಲ್ಲಿ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿ.